ಕರೆಂಟ್ ಕೊಟ್ಟ ಗಂಟಲು: ಕಿವಿ ನೋವಿಗೆ ಡ್ರಾಪ್ಸ್ ಹಾಕಿ ಕೂರಬೇಡಿ

ನಮ್ಮ ಮಾವನವರಿಗೆ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಆಗಿತ್ತು. ಬೀಡಿ ಅಭ್ಯಾಸ ಬಹಳ ವರ್ಷದ್ದು. ಬೆಂಗಳೂರಿನಲ್ಲಿ ರೇಡಿಯೇಷನ್ ಆಯಿತು, ನಮ್ಮ ಕಡೆಯವರ ಮಾತಲ್ಲಿ ಹೇಳೋದಾದರೆ ಕರೆಂಟ್ ಕೊಟ್ಟರು. ಮೂರು ತಿಂಗಳು ಬಿಟ್ಟು, ಕ್ಯಾನ್ಸರ್ ಉಳಿದಿದೆಯಾ ಅಂತ ನೋಡೋಕೆ ಮಾಡಿದ ಪೆಟ್ ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ದನಿಯೂ ಚೆನ್ನಾಗಿ ಬಂತು.

ಆಮೇಲೆ ಮತ್ತೆ ದನಿ ಒಡೆಯಿತು. ಬಲಗಿವಿ ನೋವು. ಬೆಂಗಳೂರು ದೂರ ಅಂತ ನಮ್ಮೂರಿನ ಕ್ಲಿನಿಕ್ಕಿಗೆ ಹೋದರು. ಡಾಕ್ಟರು ಕಿವಿಗೆ ಟಾರ್ಚ್ ಬಿಟ್ಟು, "ಕಿವಿ ಸರಿಯಾಗಿದೆ ಯಜಮಾನ್ರೇ, ಗಂಟಲು ಕರೆಂಟಿನ ಎಫೆಕ್ಟು" ಅಂದರು. ಡ್ರಾಪ್ಸು, ಗ್ಯಾಸ್ಟ್ರಿಕ್ ಮಾತ್ರೆ. ಮತ್ತೆ ಹೋದಾಗ ಆ್ಯಂಟಿಬಯೋಟಿಕ್. ಹೀಗೇ ತಿಂಗಳುಗಳು ಹೋದವು. ಮೂಗಿನಿಂದ ಸ್ಕೋಪ್ (ಕ್ಯಾಮೆರಾ ಇರುವ ತೆಳು ಕೊಳವೆ) ಬಿಟ್ಟು ಗಂಟಲ ಒಳಗೆ ನೋಡಿಸಿ ಅಂತ ಒಬ್ಬರೂ ಹೇಳಲಿಲ್ಲ. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕಿದ ಮೇಲೆ ಬೆಂಗಳೂರಿಗೆ ಓಡಿದೆವು. ಅಲ್ಲಿ ಸ್ಕೋಪ್ ಮುಗಿಯೋಕೆ ಕೆಲವೇ ನಿಮಿಷ ಸಾಕಾಯಿತು. ಚೂರು ತೆಗೆದು ಪರೀಕ್ಷೆ ಮಾಡುವ ಬಯಾಪ್ಸಿಯಲ್ಲಿ ಕ್ಯಾನ್ಸರ್ ವಾಪಸ್ ಬಂದಿರೋದು ಖಚಿತವಾಯಿತು. ಪೂರ್ತಿ ಧ್ವನಿಪೆಟ್ಟಿಗೆ ತೆಗೆದರು. ಈಗ ಕುತ್ತಿಗೆಯ ತೂತಿನಿಂದ ಉಸಿರಾಡುತ್ತಾರೆ. ಚಿಕ್ಕದಿರುವಾಗಲೇ ಸಿಕ್ಕಿದ್ದರೆ ಕೆಲವರಿಗೆ ಒಂದು ಭಾಗ ಮಾತ್ರ ತೆಗೆದು ದನಿ ಉಳಿಸಬಹುದಂತೆ. ಇದನ್ನು ಕೇಳಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕಿವಿ ಸರಿಯಾಗಿದ್ದೂ ನೋಯುತ್ತದೆ ಅಂದರೆ ನೆಮ್ಮದಿಪಡೋ ವಿಷಯವೇ ಅಲ್ಲ. ಗಂಟಲಿಗೆ ಹೋಗುವ ನರದ್ದೇ ಒಂದು ಕವಲು ಕಿವಿಗೂ ಹೋಗುತ್ತದೆ. ಹಾಗಾಗಿ ಗಂಟಲಿನ ನೋವು ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಕರೆಂಟಿನಿಂದಲೂ ಊತ, ಒಣಗುವಿಕೆ, ದನಿ ಗೊಗ್ಗರಾಗೋದು ಇದೆ, ಸುಳ್ಳಲ್ಲ. ಕೆಲವರಿಗೆ ವರ್ಷಗಳಾದ ಮೇಲೂ ಗಂಟಲು ಬಿಗಿಯಾಗುತ್ತದೆ. ಆದರೆ ಅದು ಕರೆಂಟಿನದ್ದೋ ಅಲ್ಲವೋ ಅನ್ನೋದನ್ನ ಒಳಗೆ ನೋಡದೆ ಹೇಳೋಕೆ ಆಗುತ್ತಾ? ಒಮ್ಮೆ ಸುಧಾರಿಸಿದ್ದು ಮತ್ತೆ ಕೆಟ್ಟರೆ, ನುಂಗೋಕೆ ಕಷ್ಟವಾದರೆ, ಕಫದಲ್ಲಿ ರಕ್ತ ಕಂಡರೆ, ಸುಮ್ನೆ ತೂಕ ಇಳಿದರೆ, ಮುಂದಿನ ಚೆಕಪ್ ತಾರೀಕಿಗೆ ಕಾಯಬೇಡಿ. ಟ್ರೀಟ್‌ಮೆಂಟ್ ಕೊಟ್ಟ ಆಸ್ಪತ್ರೆಗೇ ಹೋಗಿ. ದೂರವಾದರೆ ಸ್ಕೋಪ್ ಇರುವ ಇಎನ್‌ಟಿ ಡಾಕ್ಟರಿಗಾದರೂ ತೋರಿಸಿ.

ಕ್ಯಾನ್ಸರ್ ವಾಪಸ್ ಬರೋದಿದ್ದರೆ ಮೊದಲ 2 ವರ್ಷದಲ್ಲೇ ಜಾಸ್ತಿ. ಅದಕ್ಕೇ ಮೊದಲ ವರ್ಷ 1ರಿಂದ 3 ತಿಂಗಳಿಗೊಮ್ಮೆ, ಎರಡನೇ ವರ್ಷ 2ರಿಂದ 6 ತಿಂಗಳಿಗೊಮ್ಮೆ ಚೆಕಪ್‌ಗೆ ಕರೆಯುತ್ತಾರೆ. ಆಮೇಲೂ 5 ವರ್ಷದ ತನಕ ಬಿಡೋ ಹಾಗಿಲ್ಲ. ಒಂದು ಸ್ಕ್ಯಾನ್ ಕ್ಲೀನ್ ಬಂತು ಅಂದರೆ ಆ ದಿನಕ್ಕೆ ಕ್ಲೀನ್, ಅಷ್ಟೇ. ಬೀಡಿ, ಗುಟ್ಕಾ ಮತ್ತೆ ಹಿಡಿದವರಿಗೆ ಅಪಾಯ ಇನ್ನೂ ಹೆಚ್ಚು.

ಕುತ್ತಿಗೆಗೆ ಕರೆಂಟ್ ಕೊಟ್ಟವರಿಗೆ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಬಹುದು. 6ರಿಂದ 12 ತಿಂಗಳಿಗೊಮ್ಮೆ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ದವಡೆಗೂ ತಾಗಿದ್ದರೆ ಹಲ್ಲು ಕೀಳಿಸುವ ಮುಂಚೆ ರೇಡಿಯೇಷನ್ ಡಾಕ್ಟರನ್ನು ಕೇಳಿ, ಕಿತ್ತ ಜಾಗದ ಮೂಳೆ ವಾಸಿಯಾಗದೆ ಕೊಳೆಯಬಹುದು. ಯಾವ ಜಾಗಕ್ಕೆ ಎಷ್ಟು ಡೋಸ್ ಕೊಟ್ಟರು ಅನ್ನೋ ಡಿಸ್ಚಾರ್ಜ್ ಚೀಟಿಯ ಫೋಟೋ ಮನೆಯವರೆಲ್ಲರ ಫೋನಿನಲ್ಲಿ ಇರಲಿ. ಹಲ್ಲಿನ ಡಾಕ್ಟರಿಗೂ ಅದನ್ನೇ ಮೊದಲು ತೋರಿಸಿ.