ಕರು, ಹೋರಿ, ಕುರಿಮರಿ: ಯಾವುದರ ಬೀಜದ ಫ್ರೈ ಚೆನ್ನ?

ಅಮೆರಿಕದ ಕೊಲೊರಾಡೊ ಕಡೆಯ, ದನ ಸಾಕುವ ದೊಡ್ಡ ರಾಂಚ್‌ಗಳಲ್ಲಿ ವಸಂತ ಬಂದರೆ ಕರುಗಳಿಗೆ ಗುರುತಿನ ಮುದ್ರೆ ಒತ್ತುವ ಕೆಲಸ ಶುರುವಾಗುತ್ತದೆ. ಗಂಡುಕರುಗಳ ಬೀಜ (ವೃಷಣ) ತೆಗೆಯುವುದೂ ಸಾಮಾನ್ಯವಾಗಿ ಆವತ್ತೇ. ಬೀಜ ತೆಗೆದ ಕರು ಸಾಧುವಾಗಿ ಬೆಳೆಯುತ್ತದೆ, ಒಂದಕ್ಕೊಂದು ಗುದ್ದಾಡುವುದಿಲ್ಲ, ಮಾಂಸವೂ ಮೆತ್ತಗಿರುತ್ತದೆ. ತೆಗೆದ ಬೀಜಗಳನ್ನು ಬಕೆಟ್ಟಿಗೆ ಹಾಕಿಕೊಂಡು, ಕೆಲಸ ಮುಗಿದ ಮೇಲೆ ಎಲ್ಲರೂ ಸೇರಿ ಹುರಿದು ತಿನ್ನುವುದು ಹಳೇ ರೂಢಿ. ಇದೇ ರಾಕಿ ಮೌಂಟನ್ ಆಯ್ಸ್ಟರ್. ಒಕ್ಲಹೋಮ, ಟೆಕ್ಸಸ್ ಕಡೆ ಕಾಫ್ ಫ್ರೈ ಅನ್ನುತ್ತಾರೆ.

ನನಗೆ ಇದು ಹೊಸ ರುಚಿಯೇನಲ್ಲ. ಊರಲ್ಲಿ ಮಟನ್ ಅಂಗಡಿಯವರು ಹೋತದ ಬೀಜ ಎತ್ತಿಟ್ಟರೆ ಮನೆಯಲ್ಲಿ ಈರುಳ್ಳಿ, ಕರಿಮೆಣಸು ಹಾಕಿ ಬಾಡಿಸುತ್ತಿದ್ದರು. ಆದರೆ ದನದ ಕರುವಿನದು ಅಲ್ಲಿ ಸಿಗುವ ಮಾತೇ ಇರಲಿಲ್ಲ. ನಮ್ಮಲ್ಲಿ ಎತ್ತಿನ ಬೀಜ ಒಡೆಸುವುದು ಇಕ್ಕಳದಿಂದ. ಚರ್ಮ ಕೊಯ್ಯುವುದಿಲ್ಲ, ಒಳಗಿನ ನರ ಮಾತ್ರ ಜಜ್ಜುತ್ತಾರೆ. ಕೈಗೆ ಏನೂ ಬರುವುದಿಲ್ಲ. ಇಲ್ಲಿ ಅಮೆರಿಕದಲ್ಲಿ ಚಾಕುವಿನಿಂದ ತೆಗೆಯುತ್ತಾರೆ, ಅದಕ್ಕೇ ಅಡುಗೆಯಾಯಿತು. ಇಲ್ಲೂ ಈಗ ಎಷ್ಟೋ ರಾಂಚ್‌ಗಳಲ್ಲಿ ಕರು ಹುಟ್ಟಿದ ಸ್ವಲ್ಪ ದಿನಕ್ಕೇ ರಬ್ಬರ್ ರಿಂಗ್ ಹಾಕಿಬಿಡುತ್ತಾರೆ. ಬೀಜ ತಾನಾಗಿ ಒಣಗಿ ಬೀಳುತ್ತದೆ. ಅಂಥ ಕಡೆ ಕೇಳಿ ಪ್ರಯೋಜನವಿಲ್ಲ.

ನಾನು ಮೂರು ಬಗೆಯದನ್ನೂ ಮನೆಯಲ್ಲೇ ಬಿಡಿಸಿ, ಕೊಯ್ದು, ಹುರಿದು ನೋಡಿದ್ದೇನೆ.

ಮುದ್ರೆ ಹಾಕುವ ಹೊತ್ತಿನ ಕರುವಿಗೆ ಎರಡು ಮೂರು ತಿಂಗಳಿರುತ್ತದೆ. ಬೀಜ ಚಿಕ್ಕದು, ಮೇಲಿನ ಪೊರೆ ತೆಳು. ಎರಡಾಗಿ ಸೀಳಿದರೆ ಸಾಕು, ಹೋಳು ಮಾಡಬೇಕಾಗಿಲ್ಲ. ರುಚಿ ಬಹಳ ಸೌಮ್ಯ. ಲಿವರ್‌ನ ಕಹಿ ಇಲ್ಲ, ಕಿಡ್ನಿಯ ವಾಸನೆ ಇಲ್ಲ. ಹಲ್ಲಿಗೆ ಸಿಕ್ಕಿದ್ದು ಗೊತ್ತಾಗುವಷ್ಟರಲ್ಲಿ ಕರಗಿರುತ್ತದೆ.

ದೊಡ್ಡ ಹೋರಿಯದು ಬೇರೆಯೇ ಲೆಕ್ಕ. ಒಂದೊಂದೂ ಕಾಲು ಕೆಜಿ ದಾಟುತ್ತದೆ. ಕಸಾಯಿಖಾನೆಯಿಂದ ಬರುವುದರಿಂದ ವರ್ಷವಿಡೀ ಫ್ರೋಜನ್ ಆಗಿ ಸಿಗುತ್ತದೆ. ಅನುಕೂಲವೇನೋ ನಿಜ. ಆದರೆ ಪೊರೆ ದಪ್ಪ, ವಾಸನೆ ಜಾಸ್ತಿ, ನೆನೆಸದೆ ಹುರಿದರೆ ಬಾಯಲ್ಲಿ ಒಂಥರಾ ಗಡಸು ಘಾಟು ಉಳಿಯುತ್ತದೆ. ತೆಳ್ಳಗೆ ಹೋಳು ಮಾಡಿದರೆ ಮಾತ್ರ ಸರಿಹೋಗುತ್ತದೆ. ಒಂದು ಬಾರಿನಲ್ಲಿ ಇದನ್ನೇ ಹೆಬ್ಬೆರಳು ದಪ್ಪಕ್ಕೆ ಕೊಯ್ದು, ಮಂದ ಹಿಟ್ಟಿನಲ್ಲಿ ಕರಿದು ಕೊಟ್ಟಿದ್ದರು. ಹೊರಗೆ ಕಂದು, ಒಳಗೆ ಹಸಿ. ಮೊದಲ ಸಲ ತಿನ್ನುವವರಿಗೆ ಇಂಥದ್ದು ಸಿಕ್ಕರೆ ಆಮೇಲೆ ಜನ್ಮದಲ್ಲಿ ಮುಟ್ಟುವುದಿಲ್ಲ. ನನಗೆ ಅದರ ಬಗ್ಗೆ ನಿಜಕ್ಕೂ ಬೇಜಾರಿದೆ.

ಕುರಿಮರಿಯದು ಎರಡರ ನಡುವೆ. ನೆವಾಡ, ಐಡಹೊ ಕಡೆ ಕುರಿ ಮೇಯಿಸಲು ಸ್ಪೇನ್-ಫ್ರಾನ್ಸ್ ಗಡಿಯಿಂದ ಬಂದ ಬಾಸ್ಕ್ ಜನ ಇದನ್ನು ಇಷ್ಟಪಟ್ಟು ತಿನ್ನುತ್ತಾರೆ. ಅವರು ದಪ್ಪ ಹಿಟ್ಟಿಗೆ ಹೋಗುವುದಿಲ್ಲ. ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು, ಎಣ್ಣೆ, ಅಷ್ಟೇ. ನಮ್ಮ ನಾಲಿಗೆಗೆ ಹತ್ತಿರದ ರುಚಿ ಇದು. ದನದ್ದು ತಿನ್ನದವರಿಗೂ ಇದೇ ದಾರಿ.

ಯಾವ ಪ್ರಾಣಿಯದು ಅನ್ನುವಷ್ಟೇ ಮುಖ್ಯ, ಪೊರೆ ಹೇಗೆ ಬಿಡಿಸುತ್ತೀರಿ ಅನ್ನುವುದು. ಪಾಕವಿಧಾನ ಬರೆಯುವವರು ಹಿಟ್ಟಿನ ಬಗ್ಗೆ ಉದ್ದಕ್ಕೆ ಬರೆದು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಬೀಜದ ಮೇಲೆ ಬಿಳಿ ಬಣ್ಣದ ಗಟ್ಟಿ ಪೊರೆ ಇರುತ್ತದೆ. ಅದು ಉಳಿದರೆ ಬಿಸಿಗೆ ಬಿಗಿದುಕೊಳ್ಳುತ್ತದೆ. ಹೋಳು ದೋಣಿಯಂತೆ ಮಡಚಿಕೊಂಡು, ಒಂದು ಕಡೆ ಸೀದು ಇನ್ನೊಂದು ಕಡೆ ಬೇಯದೆ ಉಳಿಯುತ್ತದೆ. ಎಷ್ಟು ಅಗಿದರೂ ಮುಗಿಯುವುದಿಲ್ಲ.

ಬಿಡಿಸಲು ಎರಡು ದಾರಿ. ಹಳಬರು ಒಂದು ಗಂಟೆ ಉಪ್ಪುನೀರಿನಲ್ಲಿ ನೆನೆಸಿ, ಚೂಪು ಚಾಕುವಿನಿಂದ ಉದ್ದಕ್ಕೆ ಗೀರು ಹಾಕಿ, ಬೆರಳಿಂದ ಒತ್ತಿ ಒಳಗಿನದನ್ನು ಹೊರಗೆ ತಳ್ಳುತ್ತಾರೆ. ಎಳೆಗರುವಿನದಕ್ಕೆ ಇದು ಚೆನ್ನಾಗಿ ನಡೆಯುತ್ತದೆ. ಹೋರಿಯದಕ್ಕೆ ನಡೆಯುವುದಿಲ್ಲ, ಒಳಗಿನ ತಿರುಳು ಕೈಯಲ್ಲೇ ಜಾರಿ ಪಿಚಕ್ಕೆನ್ನುತ್ತದೆ. ಎರಡನೆಯದು ಫ್ರೀಜರ್ ದಾರಿ. ಪೂರ್ತಿ ಕಲ್ಲಾಗಬಾರದು, ಪೂರ್ತಿ ಕರಗಲೂ ಬಾರದು. ಅರ್ಧ ಗಟ್ಟಿಯಿದ್ದಾಗ ಗೀರು ಹಾಕಿ ಎಳೆದರೆ ಪೊರೆ ಸಲೀಸಾಗಿ ಬರುತ್ತದೆ. ಅದೇ ಸ್ಥಿತಿಯಲ್ಲಿ ಹೋಳೂ ನೀಟಾಗಿ ಬೀಳುತ್ತದೆ. ದೊಡ್ಡದಕ್ಕೆ ನನ್ನ ಮತ ಇದಕ್ಕೇ. ಹೋಳು ಅರ್ಧ ಸೆಂಟಿಮೀಟರ್ ದಪ್ಪ ಇರಲಿ.

ಇನ್ನು ನೆನೆಸುವುದು. ಕೆಲವರು ವಿನಿಗರ್ ಹಾಕಿದ ನೀರಿನಲ್ಲಿ ಮೊದಲು ಬೇಯಿಸಿಕೊಳ್ಳುತ್ತಾರೆ. ಕೊಯ್ಯಲು ಸುಲಭ, ವಾಸನೆಯೂ ಹೋಗುತ್ತದೆ. ಆದರೆ ಎರಡು ಸಲ ಬೆಂದು ಮೆದುತನವೇ ಹೋಗಿಬಿಡುತ್ತದೆ. ಮಜ್ಜಿಗೆ ಎಷ್ಟೋ ವಾಸಿ. ರಾತ್ರಿ ಹುಳಿ ಮಜ್ಜಿಗೆಯಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟರೆ ಹೋರಿಯ ಘಾಟು ಬಹುಪಾಲು ಇಳಿಯುತ್ತದೆ, ಹಿಟ್ಟೂ ಚೆನ್ನಾಗಿ ಹಿಡಿಯುತ್ತದೆ. ಕರುವಿನದಕ್ಕೆ ಇಷ್ಟೆಲ್ಲ ಬೇಡ, ಉಪ್ಪುನೀರೇ ಸಾಕು.

ಹಿಟ್ಟಿನಲ್ಲಿ ಮೂರು ಪಂಗಡ: ಬರೀ ಮೈದಾ, ಮೈದಾದ ಜೊತೆ ಮೆಕ್ಕೆಜೋಳದ ತರಿ, ಬಿಯರ್ ಹಾಕಿ ಕಲಸಿದ ಹಿಟ್ಟು. ಬಿಯರ್ ಹಿಟ್ಟು ನೋಡಲು ಚಂದ, ಉಬ್ಬಿ ಗರಿಗರಿಯಾಗಿ ಬರುತ್ತದೆ. ಆದರೆ ಬಾಯಿಗೆ ಸಿಗುವುದು ಬರೀ ಬೋಂಡ. ಒಳಗಿನದು ಬೀಜವೋ ಕೋಳಿಯೋ ಗೊತ್ತಾಗುವುದಿಲ್ಲ. ಹಾಗಿದ್ದರೆ ಕೋಳಿಯನ್ನೇ ತಿನ್ನಬಹುದಲ್ವಾ? ಮೆಕ್ಕೆಜೋಳದ ತರಿ ಹೋರಿಯದಕ್ಕೆ ಹೊಂದುತ್ತದೆ, ಆ ಒರಟು ಗರಿ ಗಟ್ಟಿ ರುಚಿಯನ್ನು ತಡೆದುಕೊಳ್ಳುತ್ತದೆ. ಕರುವಿನದಕ್ಕೆ ಉಪ್ಪು, ಕರಿಮೆಣಸು, ಸ್ವಲ್ಪ ಬೆಳ್ಳುಳ್ಳಿ ಪುಡಿ ಬೆರೆಸಿದ ಬರೀ ಮೈದಾ. ಎಣ್ಣೆ 190 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಲಿ, ದಪ್ಪ ತಳದ ಕಬ್ಬಿಣದ ಬಾಣಲೆ ಬಳಸಿ. ತೆಳು ಹೋಳಿಗೆ ಎರಡು ನಿಮಿಷ ಸಾಕು. ಒಟ್ಟಿಗೆ ತುಂಬಾ ಹಾಕಿದರೆ ಎಣ್ಣೆ ತಣ್ಣಗಾಗಿ ಹಿಟ್ಟು ಎಣ್ಣೆ ಕುಡಿಯುತ್ತದೆ.

ನಂಚಿಕೊಳ್ಳಲು ಇಲ್ಲಿ ಕೊಡುವುದು ಟೊಮೇಟೊ ಕೆಚಪ್ಪಿಗೆ ಹಾರ್ಸ್‌ರ‍್ಯಾಡಿಶ್ ಅನ್ನುವ ಖಾರದ ಬೇರು ಬೆರೆಸಿದ ಸಾಸ್, ಇಲ್ಲವೇ ಬಿಳಿ ರಾಂಚ್ ಸಾಸ್. ಮೊದಲನೆಯದರ ಮೂಗಿಗೆ ಏರುವ ಖಾರ ಚೆನ್ನಾಗಿ ಹೊಂದುತ್ತದೆ. ಎರಡನೆಯದು ಸುಮ್ನೆ ಸಪ್ಪೆ. ಕುರಿಮರಿಯದಕ್ಕೆ ನಿಂಬೆಹಣ್ಣು ಹಿಂಡಿದರೆ ಸಾಕು. ನಾನು ಬಾಸ್ಕ್ ರೀತಿಯದಕ್ಕೆ ಪಾರ್ಸ್ಲಿ ಬದಲು ಕರಿಬೇವು, ಜಜ್ಜಿದ ಮೆಣಸು ಹಾಕಿಯೂ ಮಾಡುತ್ತೇನೆ. ಚಪಾತಿಗೂ ಸೈ, ರಾಗಿಮುದ್ದೆ ಬದಿಗೂ ಸೈ.

ಮನೆಯಲ್ಲಿ ಮಾಡುವ ತಾಪತ್ರಯ ಬೇಡ ಅನ್ನುವವರಿಗೆ ಕೊಲೊರಾಡೊದ ರಾಜಧಾನಿ ಡೆನ್ವರ್‌ನಲ್ಲಿ ಜಾಗಗಳಿವೆ. 1893ರಲ್ಲಿ ಶುರುವಾದ ಬಕ್‌ಹಾರ್ನ್ ಎಕ್ಸ್‌ಚೇಂಜ್ ಇದಕ್ಕೆ ಹೆಸರಾದ ಹೋಟೆಲ್. ಗೋಡೆ ತುಂಬಾ ಪ್ರಾಣಿಗಳ ತಲೆ ನೇತುಹಾಕಿದ್ದಾರೆ, ಅದು ಎಲ್ಲರಿಗೂ ಹಿಡಿಸಲಿಕ್ಕಿಲ್ಲ. ಕೂರ್ಸ್ ಫೀಲ್ಡ್ ಬೇಸ್‌ಬಾಲ್ ಮೈದಾನದಲ್ಲೂ ಮಾರುತ್ತಾರೆ. ಆಟ ನೋಡುತ್ತಾ ಕೈಯಲ್ಲೇ ತಿನ್ನಬಹುದು.

ಹಾಗಾದರೆ ನಾನು ಯಾವುದನ್ನು ಆರಿಸುತ್ತೇನೆ? ಹಸಿ ಕರುವಿನದು ಸಿಕ್ಕಿದರೆ ಬೇರೆ ಯೋಚನೆಯೇ ಇಲ್ಲ, ಬರೀ ಮೈದಾ ಹಚ್ಚಿ ಹುರಿಯುತ್ತೇನೆ. ಅದು ಸಿಗುವುದು ವಸಂತದಲ್ಲಿ, ಅದೂ ರಾಂಚಿನವರ ಪರಿಚಯವಿದ್ದರೆ. ಉಳಿದ ಕಾಲದಲ್ಲಿ ಕುರಿಮರಿಯದು. ಕೆಲವು ಹಲಾಲ್ ಮಾಂಸದ ಅಂಗಡಿಗಳಲ್ಲಿ ಮೊದಲೇ ಹೇಳಿಟ್ಟರೆ ತೆಗೆದಿಡುತ್ತಾರೆ. ಹೋರಿಯದು ಮೂರನೇ ಸ್ಥಾನ. ಮಜ್ಜಿಗೆ, ಫ್ರೀಜರ್, ಮೆಕ್ಕೆಜೋಳದ ತರಿ ಎಲ್ಲಾ ಮಾಡುವ ತಾಳ್ಮೆ ಇದ್ದರೆ ಮಾತ್ರ ತನ್ನಿ. ಕೊಲೆಸ್ಟರಾಲ್ ಮೂರರಲ್ಲೂ ಜಾಸ್ತಿ, ಅಂಥ ತೊಂದರೆ ಇರುವವರು ಒಂದೆರಡು ಹೋಳಿಗೆ ನಿಲ್ಲಿಸಿ. ತಂದ ದಿನವೇ ಹುರಿಯದಿದ್ದರೆ ಪೊರೆ ಬಿಡಿಸದೆ ಹಾಗೇ ಫ್ರೀಜರಿಗೆ ಹಾಕಿ.