ಮೈಲುತುತ್ತವೋ, ಶೀಟೋ, ಹೊಸ ಪೈಪೋ? ಸೆಪ್ಟಿಕ್ ಗುಂಡಿಗೆ ಬೇರು ಹೊಕ್ಕಾಗ

ಕಮೋಡಿನ ನೀರು ನಿಧಾನವಾಯಿತೆಂದು ಹಿತ್ತಿಲ ಹಲಸಿನ ಮೇಲೆ ಅಪವಾದ ಹೊರಿಸುವ ಮುಂಚೆ ತಿಂಗಳು ಯಾವುದೆಂದು ನೋಡಿ. ಆಷಾಢದಲ್ಲಿ ಕಟ್ಟಿಕೊಂಡು ದೀಪಾವಳಿ ಕಳೆದ ಮೇಲೆ ತಾನಾಗಿ ಸರಿಹೋದರೆ ಬಹುಪಾಲು ಅದು ಬೇರಲ್ಲ. ನೆಲದಲ್ಲಿ ಜಲ ಎದ್ದು ಇಂಗುಗುಂಡಿ, ಅಂದರೆ ಟ್ಯಾಂಕಿನಿಂದ ಹೊರಬಂದ ನೀರು ಮಣ್ಣಿಗೆ ಇಂಗುವ ಗುಂಡಿ, ತುಂಬಿರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ, ಮಣ್ಣು ಒಣಗಿದ ಹೊತ್ತಿಗೆ ಗುಳುಗುಳು ಸದ್ದು ಶುರುವಾದರೆ ಬೇರಿನ ಮೇಲೆ ಅನುಮಾನ ಪಡಬಹುದು.

ಅಡಿಕೆ ತೋಟವಿರುವ ಮನೆಯಲ್ಲಿ ಮೊದಲು ಕೈಗೆ ಸಿಗುವುದು ಮೈಲುತುತ್ತ (ತಾಮ್ರದ ಸಲ್ಫೇಟ್). ಅಡಿಕೆಯ ಕೊಳೆರೋಗದ ಔಷಧಿಗೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣದ ಲೆಕ್ಕದಲ್ಲಿ ತಂದದ್ದು ಉಳಿದಿರುತ್ತದೆ, ಅದನ್ನೇ ಕಮೋಡಿಗೆ ಸುರಿಯುತ್ತಾರೆ. ಪೈಪಿನೊಳಗೆ ಅದು ತಾಗಿದಷ್ಟು ಬೇರು ಸಾಯುವುದು ನಿಜ. ಆದರೆ ತಾಮ್ರದ ಬಹುಪಾಲು ಟ್ಯಾಂಕಿನ ಕೆಸರಿಗೆ ಅಂಟಿ ತಳದಲ್ಲೇ ಕೂರುತ್ತದೆ. ಇಂಗುಗುಂಡಿಯ ಬೇರಿಗೆ ಏನೂ ಆಗುವುದಿಲ್ಲ, ಮಲ ಕೊಳೆಸುವ ಸೂಕ್ಷ್ಮಜೀವಿಗಳು ಮಾತ್ರ ಪೆಟ್ಟು ತಿನ್ನುತ್ತವೆ. ಸತ್ತ ಬೇರಿನ ಜಾಗಕ್ಕೆ ಹೊಸದು ಬರುತ್ತದೆ. ಬಾವಿ ಹತ್ತಿರವಿದ್ದರಂತೂ ಈ ದಾರಿಯೇ ಬೇಡ. ಕಲ್ಲುಪ್ಪು ಇದಕ್ಕಿಂತ ಕೆಟ್ಟದ್ದು: ಸೋಡಿಯಂ ಸೇರಿದ ಜೇಡಿಮಣ್ಣು ಕದಡಿ ರಂಧ್ರ ಮುಚ್ಚಿಕೊಂಡು, ನೀರು ಇಂಗುವುದೇ ನಿಂತುಬಿಡುತ್ತದೆ.

ಪೈಪಿನೊಳಗೆ ಸ್ಪ್ರಿಂಗ್ ರಾಡ್ ಹಾಕಿ ಬೇರು ಕೊಯ್ಯಿಸಿದರೆ ಅಂದೇ ನೀರು ಸರಾಗ. ತೆಂಗಿನ ಬೇರಾದರೆ ನಾರಿನ ಜಡೆಯ ಹಾಗೆ ಮೊಳಕೈ ಉದ್ದ ಎಳೆದು ಬರುತ್ತದೆ, ತುದಿಯಲ್ಲಿ ಗ್ರೀಸಿನಂಥ ಕಪ್ಪು ಲೋಳೆ. ಕೊಯ್ದ ಬೇರು ಗಿಡ ಸವರಿದ ಹಾಗೆ ಮತ್ತಷ್ಟು ಕವಲೊಡೆಯುತ್ತದೆ, ಒಂದೆರಡು ವರ್ಷದಲ್ಲಿ ಮತ್ತೆ ಅದೇ ಪಾಡು. ನೆಂಟರು ಬರುವ ಹಿಂದಿನ ದಿನಕ್ಕೆ ಒಳ್ಳೆಯ ಉಪಾಯ, ಅಷ್ಟೆ.

ದುಡ್ಡು ಹಾಕುವುದಾದರೆ ಪೈಪಿಗೆ ಹಾಕಿ. ಬೇರು ಗಟ್ಟಿ ಪೈಪನ್ನು ಒಡೆದು ಒಳಬರುವುದಿಲ್ಲ. ಸೋರುವ ಜಾಯಿಂಟಿನ ತೇವ ಹಿಡಿದು ಕೂದಲೆಳೆಯಷ್ಟು ನುಸುಳಿ, ಒಳಗೆ ದಪ್ಪವಾಗುತ್ತದೆ. ಹಳೆಯ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪಿಗೆ ಎರಡಡಿಗೊಂದು ಸಿಮೆಂಟ್ ಜಾಯಿಂಟ್, ಅಂದರೆ 20 ಅಡಿಯಲ್ಲಿ ಬೇರಿಗೆ ಹತ್ತು ಬಾಗಿಲು. 110 ಮಿಮೀ ಪಿವಿಸಿ ಆರು ಮೀಟರಿನದು ಒಂದೇ ಉದ್ದಕ್ಕೆ ಅಷ್ಟನ್ನೂ ದಾಟಿಸುತ್ತದೆ. ಜಾಯಿಂಟ್ ಅನಿವಾರ್ಯವಾದಲ್ಲಿ ರಬ್ಬರ್ ರಿಂಗಿಗಿಂತ ಸಾಲ್ವೆಂಟ್ (ಪಿವಿಸಿ ಅಂಟು) ಹಚ್ಚಿದ್ದು ಮೇಲು. ರಿಂಗ್ ಸ್ವಲ್ಪ ಮಡಚಿಕೊಂಡರೂ ಸಂದು ಉಳಿಯುತ್ತದೆ. ಇಳಿಜಾರು ನಾಲ್ಕಡಿಗೆ ಒಂದಿಂಚು.

ಕೆಲಸ ಕೆಡುವುದು ಪೈಪು ಟ್ಯಾಂಕಿನ ಗೋಡೆ ಹೊಗುವ ಜಾಗದಲ್ಲಿ. ನುಣುಪು ಪಿವಿಸಿಗೆ ಸಿಮೆಂಟು ಹಿಡಿಯುವುದಿಲ್ಲ. ಗೋಡೆಯೊಳಗೆ ಕೂರುವ ಭಾಗಕ್ಕೆ ಸಾಲ್ವೆಂಟ್ ಬಳಿದು, ಹಸಿ ಇರುವಾಗಲೇ ಒಣ ಮರಳು ಉದುರಿಸಿ, ಗಟ್ಟಿಯಾದ ಮೇಲೆ ವಾಟರ್‌ಪ್ರೂಫ್ ಪುಡಿ ಸೇರಿಸಿದ ಗಾರೆಯಲ್ಲಿ ಕೂರಿಸಬೇಕು. ಎಷ್ಟೋ ಮೇಸ್ತ್ರಿಗಳು ಇದನ್ನು ಬಿಟ್ಟೇ ಬಿಡುತ್ತಾರೆ. ಪಕ್ಕದಲ್ಲಿ ನಿಂತು ಮಾಡಿಸಿ. ತಲೆ ಬಗ್ಗಿಸಿ ನೋಡಲೆಂದಾದರೂ ಟ್ಯಾಂಕಿಗೆ ಯಾರನ್ನೂ ಇಳಿಸಬೇಡಿ. ಒಳಗಿನ ಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ. ಖಾಲಿ ಮಾಡುವುದು ಸಕ್ಕಿಂಗ್ ಗಾಡಿಯ ಕೆಲಸ.

ಇಂಗುಗುಂಡಿಗೆ ಈ ಉಪಾಯ ನಡೆಯದು, ಸೋರುವುದೇ ಅದರ ಕೆಲಸ. ಅಲ್ಲಿ ಬೇರು ತಡೆಯುವ ಪ್ಲಾಸ್ಟಿಕ್ ಶೀಟು ಬೇಕು. ಮರಕ್ಕೂ ಗುಂಡಿಗೂ ನಡುವೆ, ಗುಂಡಿಯ ಕಡೆಗೆ ಸರಿದು, ಒಂದಡಿ ಅಗಲ, ಮೂರಡಿ ಆಳದ ಕಾಲುವೆ ತೋಡಿ ಶೀಟನ್ನು ನೆಟ್ಟಗೆ ನಿಲ್ಲಿಸಿ. ಗಟ್ಟಿ ಜಂಬಿಟ್ಟಿಗೆ ಪದರ ಸಿಕ್ಕರೆ ಶೀಟಿನ ಬುಡ ಅದರ ಮೇಲೆ ಕೂರಲಿ. ಒಂದು ಮಿಲಿಮೀಟರಿಗೆ ಕಡಿಮೆಯಿಲ್ಲದ ಎಚ್‌ಡಿಪಿಇ ಆಗಬೇಕು, ಟಾರ್ಪಾಲು ಸಾಲದು. ನೆಲದಿಂದ ಎರಡಿಂಚು ಮೇಲೆ ಬಿಡಿ, ಇಲ್ಲದಿದ್ದರೆ ದರಗಿನಡಿ ಹಾದು ಬೇರು ದಾಟುತ್ತದೆ. ಬರೀ ಕಲ್ಲಿನ ಗೋಡೆ ಕಟ್ಟಿದರೆ ಅತ್ತಿ, ಬಸರಿಗೆ ಅದರ ಸಂದೇ ದಾರಿ.

ಶೀಟಿಗೂ ನಮ್ಮ ಕಡೆ ಎರಡು ತೊಡಕಿವೆ. ದರೆಯಿಂದ ಇಳಿಯುವ ನೀರಿಗೆ ಅದು ಒಡ್ಡಾಗಿ ನಿಲ್ಲುತ್ತದೆ. ಮೇಲ್ಬದಿಯಲ್ಲಿ ಜಲ್ಲಿ ತುಂಬಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಎರಡನೆಯದು, ಕಾಂಡದ ದಪ್ಪದ ಐದಾರು ಪಟ್ಟು ದೂರದೊಳಗೆ ಅಗೆದು ದಪ್ಪ ಬೇರು ಕಡಿದರೆ ಜುಲೈ ಗಾಳಿಗೆ ಮರ ಮನೆಯ ಮೇಲೇ ಬಂದೀತು. ಅಷ್ಟು ಜಾಗವಿಲ್ಲದಿದ್ದರೆ ಇಂಗುಗುಂಡಿಯನ್ನೇ ಸ್ಥಳಾಂತರಿಸಿ, ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ಬಿಟ್ಟು.

ಮರ ಕಡಿಸುವುದು ಕೊನೆಯ ಮಾತು. ಹಲವು ಜಾತಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು, ಅತ್ತಿಯಂಥದ್ದು ಕಡಿದ ಬುಡದಿಂದಲೂ ಚಿಗುರುತ್ತದೆ. ಇಂಗುಗುಂಡಿ ಪಕ್ಕದ ಬಾಳೆಯನ್ನು ಮಾತ್ರ ಸುಮ್ಮನೆ ಬಿಡಿ, ಅದರ ಬೇರು ದಪ್ಪವಾಗಿ ಗೋಡೆ ಸೀಳುವ ಜಾತಿಯದಲ್ಲ.