ಅಮಾನಿಕೆರೆ ದಡದಲ್ಲಿ ಮಕ್ಕಳ ಜೊತೆ ಸೈಕಲ್: ಎರಡು ವರ್ಷ ತುಳಿದ ಮೇಲೆ ಬರೆದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ದೂರ ತುಳಿಯಬೇಕು, ಬೆವರು ಸುರಿಸಬೇಕು ಅನ್ನುವವರಿಗೆ ತುಮಕೂರಿನ ಅಮಾನಿಕೆರೆ ಏನೇನೂ ಸಾಲದು. ಅವರು ದೇವರಾಯನದುರ್ಗದ ಕಡೆ ಹ್ಯಾಂಡಲ್ ತಿರುಗಿಸುವುದೇ ಒಳ್ಳೆಯದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಸೈಕಲ್ ಕೊಡಿಸಿ ಆಗಿದೆ, ಆದರೆ ರಸ್ತೆಗೆ ಬಿಡಲು ಧೈರ್ಯ ಇಲ್ಲ ಅನ್ನುವವರು ಓದಿ. ನಮ್ಮ ಮಗಳಿಗೆ ಎಂಟು ವರ್ಷ, ಅವಳದು 20 ಇಂಚಿನ ಸೈಕಲ್. ಮಗನಿಗೆ ನಾಲ್ಕು, ಅವನದು ನನ್ನ ಲೇಡೀಸ್ ಸೈಕಲ್ಲಿನ ಹಿಂದೆ ಕೂರಿಸಿರುವ ಬೇಬಿ ಸೀಟು. ನನ್ನ ಲೆಕ್ಕದಲ್ಲಿ ಈ ಜಾಗಕ್ಕೆ 5ಕ್ಕೆ 4. ಉಳಿದ ಒಂದು ಅಂಕ ಗಾಳಿಗೆ ಹೋಯಿತು.

ಇಲ್ಲಿ ತುಳಿಯುವುದು ಮಕ್ಕಳಿಗೆ ಸುಲಭ ಆಗುವುದಕ್ಕೆ ಕಾರಣ ಕೆರೆಯೇ. ನಿಂತ ನೀರಿನ ಮಟ್ಟ ಎಲ್ಲಾ ಕಡೆ ಒಂದೇ. ಅದನ್ನು ತಡೆದಿರುವ ಏರಿಯ ತಲೆಯೂ ಮಟ್ಟಸವಾಗಿ ಇರಲೇಬೇಕು. ಎಲ್ಲಾದರೂ ತಗ್ಗಿದ್ದರೆ ಕೆರೆ ತುಂಬಿದಾಗ ನೀರು ಅಲ್ಲೇ ಹರಿದು ಏರಿ ಕೊರೆದುಬಿಡುತ್ತದೆ. ಹೆಚ್ಚಾದ ನೀರು ಹೋಗಲಿ ಅಂತಲೇ ಕೋಡಿ ಬೇರೆ ಕಟ್ಟಿರುತ್ತಾರೆ. ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಯಾವ ಕೆರೆಗೆ ಸೈಕಲ್ ತೆಗೆದುಕೊಂಡು ಹೋದರೂ ಏರು ಸಿಗುವುದು ಏರಿ ಹತ್ತುವಾಗ ಮಾತ್ರ. ಆಮೇಲೆ ಸುಮ್ನೆ ತುಳಿಯುತ್ತಾ ಹೋದರಾಯಿತು. ಇದಕ್ಕೆ ಗೇರ್ ಸೈಕಲ್ ಬೇಕಾಗಿಲ್ಲ. ಗೇರ್ ಇದ್ದರೆ ಮಕ್ಕಳು ಅದನ್ನು ಕಟಕಟ ತಿರುಗಿಸುತ್ತಾ ಚೈನ್ ಕಳಚಿಸುತ್ತಾರೆ, ಅಷ್ಟೇ.

ಏರಿಗೆ ಇನ್ನೊಂದು ಗುಣ ಇದೆ. ಅದರ ಮೇಲೆ ದೊಡ್ಡ ಮರ ಬೆಳೆಸಬಾರದು ಅಂತ ಇಂಜಿನಿಯರುಗಳು ಹೇಳುತ್ತಾರೆ. ಬೇರು ಸತ್ತು ಕೊಳೆತರೆ ಆ ಪೊಳ್ಳಿನಲ್ಲಿ ನೀರು ದಾರಿ ಮಾಡಿಕೊಳ್ಳುತ್ತದಂತೆ. ಏರಿಗೆ ಒಳ್ಳೆಯದೇ, ನಮ್ಮ ತಲೆಗೆ ಮಾತ್ರ ಕಷ್ಟ. ನೆರಳು ಬೇಕಾದರೆ ಪಾರ್ಕಿನ ಕಡೆಗೇ ಬರಬೇಕು. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ ಎಂಟರ ಒಳಗೆ ಮುಗಿಸಿಬಿಡಿ. ಆಮೇಲೆ ಮಕ್ಕಳ ಮುಖ ಕೆಂಪಾಗಿ, ನೀರಿನ ಬಾಟಲಿ ಖಾಲಿಯಾಗಿ, ಐಸ್‌ಕ್ರೀಮಿನ ಮಾತು ಶುರುವಾಗುತ್ತದೆ.

ಈಗ ಗಾಳಿಯ ವಿಷಯ. ಆಷಾಢದ ಗಾಳಿ ಗೊತ್ತಲ್ವಾ? ಬಯಲಿನಲ್ಲೇ ಆ ಪಾಟಿ ಬೀಸುವುದು, ನೀರಿನ ಮೇಲೆ ತಡೆಯೇ ಇಲ್ಲದೆ ಬಂದರೆ ಕೇಳಬೇಕೇ. ದೊಡ್ಡವರಿಗೆ ಅದು ಬರೀ ಕಿರಿಕಿರಿ. ಇಪ್ಪತ್ತೈದು ಕೆಜಿ ಮಗುವಿಗೆ ಮಾತ್ರ ಅದು ಗೋಡೆ. ಮೊದಲು ಗಾಳಿ ಬೆನ್ನಿಗಿದ್ದರೆ ಮಕ್ಕಳು ಹಕ್ಕಿಯ ಹಾಗೆ ಹಾರಿಹೋಗುತ್ತಾರೆ, ವಾಪಸ್ ಬರುವಾಗ ಅಳುತ್ತಾರೆ. ಅದಕ್ಕೇ ಜೂನ್‌ನಿಂದ ಆಗಸ್ಟ್ ತನಕ ನಾವು ಗಾಳಿಗೆ ಎದುರಾಗಿ ಹೊರಡುತ್ತೇವೆ. ಆ ತಿಂಗಳುಗಳಲ್ಲಿ ಅದು ಪಶ್ಚಿಮದ ಕಡೆಯಿಂದಲೇ ಬೀಸುವುದು. ಸುಸ್ತಾಗುವ ಹೊತ್ತಿಗೆ ಮನೆ ಕಡೆ ತಿರುಗಿದರೆ ಗಾಳಿಯೇ ತಳ್ಳಿಕೊಂಡು ಬರುತ್ತದೆ.

2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಕೆರೆಯ ಸುತ್ತ ಕೆಲಸ ನಡೆಯಿತು. ಈಗ ಗಾಜಿನ ಮನೆ ಕಡೆ ಸಂಜೆ ಬಂದರೆ ಇಡೀ ಊರೇ ಅಲ್ಲಿರುತ್ತದೆ. ಆ ಹೊತ್ತು ಸೈಕಲ್ಲಿಗಲ್ಲ. ವಾಕಿಂಗ್ ಬರುವ ಹಿರಿಯರ ಕಾಲಿಗೆ ಮಕ್ಕಳು ಗುದ್ದಿದರೆ ತಪ್ಪು ನಮ್ಮದೇ. ಜನ ಜಾಸ್ತಿ ಇದ್ದ ಕಡೆ ಇಳಿದು ತಳ್ಳಿಕೊಂಡು ಹೋಗಬೇಕು ಅನ್ನುವುದನ್ನು ಮಗಳಿಗೆ ಮೊದಲ ದಿನವೇ ಕಲಿಸಿದೆವು. ಪಾರ್ಕಿನ ಒಳಗೆ ಹೋಗುವ ಮೊದಲು ಗೇಟಿನಲ್ಲಿ ಒಂದು ಮಾತು ಕೇಳುವುದೂ ರೂಢಿ. ಸಂಜೆ ದೀಪ ಹತ್ತಿದ ಮೇಲೆ ನೀರಿನ ಹತ್ತಿರದ ಪುಟ್ಟ ಹುಳುಗಳು ನೇರ ಕಣ್ಣಿಗೇ ಬರುತ್ತವೆ. ಬಣ್ಣವಿಲ್ಲದ ಒಂದು ಅಗ್ಗದ ಕನ್ನಡಕ ಸಾಕು.

ಸಾಮಾನಿನ ವಿಷಯಕ್ಕೆ ಬರೋಣ, ಇದನ್ನೇ ಜಾಸ್ತಿ ಜನ ಕೇಳುವುದು.

ಹಿಂದಿನ ಬೇಬಿ ಸೀಟಿನಲ್ಲಿ ಮೊದಲು ನೋಡಬೇಕಾದದ್ದು ಕಾಲಿಡುವ ಜಾಗ. ಮಗುವಿನ ಪಾದ ಕಡ್ಡಿಗಳ ಕಡೆ ಜಾರದ ಹಾಗೆ ಪಕ್ಕದಲ್ಲಿ ತಡೆ ಇರಬೇಕು, ಮೇಲೆ ಪಟ್ಟಿ ಇರಬೇಕು. ನನ್ನ ಸೀಟಿನ ಪಟ್ಟಿ ಒಂದೇ ವರ್ಷಕ್ಕೆ ಬಿಸಿಲಿಗೆ ಬಿರಿಯಿತು. ಈಗ ಬ್ಯಾಗ್ ಹೊಲಿಯುವವರ ಹತ್ತಿರ ನೈಲಾನ್ ಪಟ್ಟಿ ಹಾಕಿಸಿದ್ದೇನೆ, ಅದು ಮೂಲಕ್ಕಿಂತ ಗಟ್ಟಿ. ಚೂಡಿದಾರ್ ಹಾಕುವವರು ವೇಲ್ ಮನೆಯಲ್ಲೇ ಬಿಟ್ಟು ಬನ್ನಿ. ಹಿಂದೆ ಕೂತ ಮಗು ಅದನ್ನು ಎಳೆದು ಆಡುತ್ತದೆ, ಗಾಳಿ ಬೇರೆ. ಇನ್ನೊಂದು, ಮಗು ಸೀಟಿನಲ್ಲಿ ಇರುವಾಗ ಸೈಡ್ ಸ್ಟ್ಯಾಂಡ್ ಹಾಕಿ ಕೈ ಬಿಡಲೇಬೇಡಿ. ಭಾರ ಮೇಲಿರುವುದರಿಂದ ಸೈಕಲ್ ಪಕ್ಕಕ್ಕೆ ಮಗುಚುವುದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ.

ಮಗಳ ಸೈಕಲ್ಲಿನಲ್ಲಿ ನನಗೆ ತಲೆನೋವಾಗಿದ್ದು ಬ್ರೇಕ್. ಅಂಗಡಿಯಿಂದ ತಂದಾಗ ಬ್ರೇಕ್ ಹಿಡಿ ಅವಳ ಬೆರಳಿಗೆ ಎಟುಕುತ್ತಲೇ ಇರಲಿಲ್ಲ. ಹಿಡಿಯ ಬುಡದಲ್ಲಿ ಒಂದು ಪುಟ್ಟ ಸ್ಕ್ರೂ ಇತ್ತು. ಅದನ್ನು ಒಳಕ್ಕೆ ತಿರುಗಿಸಿದ ಹಾಗೆ ಹಿಡಿ ಹ್ಯಾಂಡಲ್ ಹತ್ತಿರ ಬಂತು. ನೀವೂ ಹುಡುಕಿ ನೋಡಿ, ಸುಮಾರು ಸೈಕಲ್ಲುಗಳಲ್ಲಿ ಅದು ಇರುತ್ತದೆ, ಅಂಗಡಿಯವರು ಹೇಳುವುದಿಲ್ಲ.

ಪಂಕ್ಚರ್ ಇಲ್ಲಿ ಮಾಮೂಲು. ಕೆರೆ ಅಂಚಿನಲ್ಲಿ ಬಳ್ಳಾರಿ ಜಾಲಿ ಇದ್ದ ಕಡೆಯೆಲ್ಲಾ ಒಣ ಮುಳ್ಳು ಬಿದ್ದಿರುತ್ತದೆ. ದಾರಿ ಬಿಟ್ಟು ಮಣ್ಣಿಗೆ ಇಳಿಯಬೇಡಿ. ಹಾಗಂತ ಗಾಳಿ ಇಳಿದದ್ದೆಲ್ಲಾ ಪಂಕ್ಚರ್ ಅಲ್ಲ. ಹಳೇ ನಮೂನೆಯ ಟ್ಯೂಬಿನಲ್ಲಿ ಗಾಳಿ ತಡೆಯುವುದು ಬೆರಳುದ್ದವೂ ಇಲ್ಲದ ಒಂದು ರಬ್ಬರ್ ಕೊಳವೆ, ವಾಲ್ ಟ್ಯೂಬ್. ಅದು ಹಳತಾದರೆ ರಾತ್ರಿ ಹೊಡೆದ ಗಾಳಿ ಬೆಳಿಗ್ಗೆಗೆ ಇರುವುದಿಲ್ಲ. ಒಂದು ಅಂಗಡಿಯಲ್ಲಿ ಚಕ್ರ ಮುಟ್ಟದೆಯೇ ಹೊಸ ಟ್ಯೂಬ್ ಹಾಕಬೇಕು ಅಂದರು. ನಮ್ಮ ಮಾವನವರು ಸುಮ್ಮನೆ ನಕ್ಕು, ಬೆರಳಿಗೆ ಎಂಜಲು ಹಚ್ಚಿ ಟ್ಯೂಬಿಗೆ ಗಾಳಿ ಹೊಡೆಯುವ ಬಾಯಿಯ ಮೇಲೆ ಇಟ್ಟರು. ಗುಳ್ಳೆ ಎದ್ದಿತು. ವಾಲ್ ಟ್ಯೂಬ್ ಬದಲಾಯಿಸಿದ ಮೇಲೆ ಆ ಚಕ್ರ ಇವತ್ತಿಗೂ ಚೆನ್ನಾಗಿದೆ.

ಮಕ್ಕಳು ಬೇಜಾರಿಲ್ಲದೆ ಮತ್ತೆ ಮತ್ತೆ ಬರುವುದಕ್ಕೆ ಕಾರಣ ಸೈಕಲ್ ಅಲ್ಲ, ಹಕ್ಕಿ. ಬಣ್ಣದ ಕೊಕ್ಕರೆ ಕಂಡರೆ ಮಗಳು ಬ್ರೇಕ್ ಹಾಕಿಯೇ ಹಾಕುತ್ತಾಳೆ. ಬಾಲದ ಹತ್ತಿರ ಇರುವ ಗುಲಾಬಿ ಬಣ್ಣವನ್ನು ಅವಳೇ ಮೊದಲು ಗುರುತಿಸಿದ್ದು. ಅವು ಗೂಡು ಕಟ್ಟುವ ಕಗ್ಗಲಡು ನಮ್ಮದೇ ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿದೆ, ಊರೊಳಗಿನ ಹುಣಸೆ ಮರಗಳ ಮೇಲೆ. "ಅಮ್ಮಾ, ಅಲ್ಲಿಗೂ ಸೈಕಲ್ಲಿನಲ್ಲೇ ಹೋಗೋಣ" ಅನ್ನುತ್ತಾಳೆ. ಅದಕ್ಕೆ ಕಾರೇ ಬೇಕು ಕಂದಾ ಅಂದೆ. ಮಂದರಗಿರಿಗೂ ಅಷ್ಟೇ. ಬೆಟ್ಟದಿಂದ ಮೈದಾಳ ಕೆರೆ ನೋಡಲು ಚೆಂದ, ಆದರೆ ಮಕ್ಕಳನ್ನು ಹೆದ್ದಾರಿಯಲ್ಲಿ ತುಳಿಸಿಕೊಂಡು ಹೋಗುವ ಮಾತೇ ಇಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೂ ಅದೇ ಕಾರಣಕ್ಕೆ ಸೈಕಲ್ ಮನೆಯಲ್ಲಿಟ್ಟೇ ಹೋಗುತ್ತೇವೆ.

ಸೀಟಿನ ಮೇಲೆ 22 ಕೆಜಿ ಅಂತ ಮಿತಿ ಬರೆದಿದೆ. ಮಗ ಇನ್ನು ಸ್ವಲ್ಪ ಬೆಳೆದರೆ ಅವನಿಗೂ 16 ಇಂಚಿನದು ತರಬೇಕು. ಸೈಡ್ ವೀಲ್ ಹಾಕಿಸುವುದಿಲ್ಲ. ಪೆಡಲ್ ಬಿಚ್ಚಿ, ಸೀಟು ಇಳಿಸಿ, ಎರಡು ಕಾಲೂ ನೆಲಕ್ಕೆ ಊರಿ ತಳ್ಳಿಕೊಂಡು ಓಡಲಿ, ಬ್ಯಾಲೆನ್ಸ್ ತಾನೇ ಬರುತ್ತದೆ. ಅಕ್ಕ ಕಲಿತಿದ್ದೂ ಹಾಗೆಯೇ. ಬೇಬಿ ಸೀಟನ್ನು ಗುಬ್ಬಿಯಲ್ಲಿರುವ ತಂಗಿ ಈಗಲೇ ಕೇಳಿಟ್ಟಿದ್ದಾಳೆ, ಪಟ್ಟಿ ಹೊಸದು ಅಂತ ಅವಳಿಗೂ ಹೇಳಿದ್ದೇನೆ.